ಸರ್ಕಾರಿ ಔತಣದ ಮಧ್ಯಾಹ್ನದೂಟಕ್ಕೆ ವೈನ್ ಆರಿಸುವುದು ಹೇಗೆ?

ಒಂದು ದೇಶದ ಮುಖ್ಯಸ್ಥರು ಇನ್ನೊಂದು ದೇಶದವರನ್ನು ಊಟಕ್ಕೆ ಕರೆದಾಗ ಮೇಜಿಗೆ ಬರುವ ವೈನ್ ಸುಮ್ನೆ ಬಂದಿರುವುದಿಲ್ಲ. ಅದರ ಹಿಂದೆ ಶೆಫ್, ಸೊಮೆಲಿಯೆ (ವೈನ್ ಆರಿಸಿ ಬಡಿಸುವ ಪರಿಣತ), ಪ್ರೋಟೊಕಾಲ್ ಅಧಿಕಾರಿ (ಸರ್ಕಾರಿ ಶಿಷ್ಟಾಚಾರ ನೋಡಿಕೊಳ್ಳುವವರು) ಮೂವರೂ ಕೂತು ಮಾಡಿದ ಕೆಲಸ ಇರುತ್ತದೆ. ನಮ್ಮ ರಾಷ್ಟ್ರಪತಿ ಭವನದ ಔತಣಗಳಲ್ಲಿ ಮದ್ಯ ಬಡಿಸುವ ಪದ್ಧತಿ ಇಲ್ಲ. ಆದರೆ ಪ್ಯಾರಿಸ್, ವಾಷಿಂಗ್ಟನ್‌ಗಳಲ್ಲಿ ಇದು ಕಲಿತು ಮಾಡುವ ಕಸುಬು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹೊರದೇಶಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೂ ಇದು ಗೊತ್ತಿರಬೇಕು.

ಮೊದಲು ಅತಿಥಿ, ಆಮೇಲೆ ಬಾಟಲಿ

ಎಲ್ಲಕ್ಕಿಂತ ಮೊದಲು ಅತಿಥಿ ಯಾರು ಎಂದು ಕೇಳಿ. ಈ ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. 2015ರಲ್ಲಿ ಇರಾನ್ ಅಧ್ಯಕ್ಷ ಹಸನ್ ರೂಹಾನಿ ಅವರ ಪ್ಯಾರಿಸ್ ಭೇಟಿ ನಿಗದಿಯಾಗಿತ್ತು. ಮೇಜಿನ ಮೇಲೆ ವೈನ್ ಇರಕೂಡದು ಎಂದು ಇರಾನ್ ಕೇಳಿತು, ಫ್ರಾನ್ಸ್ ಒಪ್ಪಲಿಲ್ಲ, ಹೀಗಾಗಿ ಔತಣವೇ ಕೈಬಿಟ್ಟುಹೋಯಿತು ಎಂದು ಆಗ ಪತ್ರಿಕೆಗಳು ಬರೆದವು.

ಆದ್ದರಿಂದ ಪ್ರೋಟೊಕಾಲ್ ಕಚೇರಿಗೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಅತಿಥಿ ವೈನ್ ಕುಡಿಯುತ್ತಾರಾ? ಅವರು ಕುಡಿಯದಿದ್ದರೆ, ಪಕ್ಕದವರ ಗ್ಲಾಸಿನಲ್ಲಿ ವೈನ್ ಇದ್ದರೆ ಅವರಿಗೆ ಸರಿಯಾ? 2023ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರಿಗೆ ವೈಟ್ ಹೌಸ್‌ನಲ್ಲಿ ರಾತ್ರಿಯೂಟ ಏರ್ಪಾಡಾಗಿತ್ತು. ಮೋದಿ ಕುಡಿಯುವವರಲ್ಲ, ಆತಿಥೇಯ ಬೈಡನ್ ಕೂಡ ಕುಡಿಯುವವರಲ್ಲ. ಇಬ್ಬರೂ ಮದ್ಯವಿಲ್ಲದ ಪಾನೀಯದಲ್ಲೇ ಗ್ಲಾಸ್ ತಾಗಿಸಿದರು. ಆದರೂ ಉಳಿದ ಅತಿಥಿಗಳಿಗಾಗಿ ಪಟ್ಟಿಯಲ್ಲಿ ಮೂರು ವೈನ್ ಇದ್ದವು. ಅದರಲ್ಲೊಂದು, ಭಾರತೀಯ ಮೂಲದವರು ನಾಪಾ ಕಣಿವೆಯಲ್ಲಿ ತಯಾರಿಸುವ ‘ಪಟೇಲ್’ ಹೆಸರಿನ ಕೆಂಪು ವೈನ್. ಎಷ್ಟು ಯೋಚಿಸಿ ಆರಿಸಿದ್ದಾರೆ ನೋಡಿ.

ಕುಡಿಯದವರಿಗೆ ಯಾವುದೋ ಪ್ಯಾಕೆಟ್ ಜ್ಯೂಸ್ ಸುರಿದು ಕೈತೊಳೆದುಕೊಳ್ಳುವುದು ಅವಮಾನ. ಶುಂಠಿಯದ್ದೋ ದಾಳಿಂಬೆಯದ್ದೋ ಸಿಹಿ ಕಡಿಮೆ ಇರುವ ಪಾನೀಯ ಮಾಡಿ. ಅದನ್ನೂ ತಿನಿಸಿಗೆ ಹೊಂದಿಸಿ, ಅದೇ ಚೆಂದದ ಗ್ಲಾಸಿನಲ್ಲಿ ಕೊಡಿ.

ನಿಮ್ಮ ನೆಲದ ವೈನ್

ಆತಿಥೇಯ ದೇಶ ತನ್ನ ವೈನನ್ನೇ ಮುಂದಿಡುವುದು ವಾಡಿಕೆ. ವೈಟ್ ಹೌಸ್‌ನಲ್ಲಿ 1960ರ ದಶಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಿಂದ ಅಮೆರಿಕದ ವೈನಿಗೇ ಮಣೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೆ ಹೋದಾಗಲೂ ಕ್ಯಾಲಿಫೋರ್ನಿಯಾದ ಶ್ರಾಮ್ಸ್‌ಬರ್ಗ್ ನೊರೆವೈನ್ (ಸ್ಪಾರ್ಕ್ಲಿಂಗ್ ವೈನ್) ಜೊತೆಗೆ ಹೋಗಿತ್ತು. ಹಾಗೆಂದು ದುಬಾರಿ ಬಾಟಲಿಯ ಹಿಂದೆ ಬೀಳಬೇಡಿ. ಫ್ರಾನ್ಸ್ ಅಧ್ಯಕ್ಷರ ಎಲಿಸೀ ಅರಮನೆಯ ವೈನ್ ನೆಲಮಾಳಿಗೆ 1947ರಷ್ಟು ಹಳೆಯದು. 2013ರಲ್ಲಿ ಅಲ್ಲಿಂದ ಸುಮಾರು 1,200 ಬಾಟಲಿಗಳನ್ನು ಹರಾಜು ಹಾಕಿದರು. ಬಂದ ಹಣದ ಒಂದು ಭಾಗದಲ್ಲಿ ಕಡಿಮೆ ಬೆಲೆಯ ವೈನ್ ಕೊಂಡು ತುಂಬಿಸುವುದು, ಉಳಿದದ್ದನ್ನು ಖಜಾನೆಗೆ ಕಟ್ಟುವುದು ಎಂದು ತೀರ್ಮಾನವಾಯಿತು. ಜನರ ದುಡ್ಡಿನಲ್ಲಿ ನಡೆಯುವ ಊಟ, ಹಾಗಾಗಿ ಅದೇ ಸರಿ.

ತಿನಿಸಿಗೆ ಹೊಂದಿಸುವುದು

ಮೊದಲು ಮೆನು ಗಟ್ಟಿ ಮಾಡಿಕೊಳ್ಳಿ. ಮೀನಾ, ಕೋಳಿಯಾ ಎಂದು ಮಾತ್ರ ನೋಡಿದರೆ ಸಾಲದು. ತಿನಿಸಿನಲ್ಲಿ ಹುಳಿ ಎಷ್ಟು, ಖಾರ ಎಷ್ಟು, ಜಿಡ್ಡು ಎಷ್ಟು, ಮೇಲೆ ಸುರಿಯುವ ಸಾಸ್ ಯಾವುದು? ವೈನ್ ನಿಲ್ಲುವುದು ಇದರ ಮೇಲೆ.

ಹುಳಿ ತಿನಿಸಿಗೆ ಹುಳಿ ಇರುವ ವೈನೇ ಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ಅನಿಸುತ್ತದೆ. ಖಾರದ ಜೊತೆ ಆಲ್ಕೋಹಾಲ್ ಜಾಸ್ತಿ ಇರುವ ವೈನ್ ಕೊಟ್ಟರೆ ಬಾಯಿ ಇನ್ನಷ್ಟು ಉರಿಯುತ್ತದೆ. ಅಲ್ಲಿ ಸ್ವಲ್ಪ ಸಿಹಿ ಉಳಿದಿರುವ, ತಣ್ಣಗಿನ ರೀಸ್ಲಿಂಗ್ ಎಂಬ ಬಿಳಿ ವೈನ್ ಒಳ್ಳೆಯದು. ಕೆಂಪು ವೈನಿನಲ್ಲಿ ಟ್ಯಾನಿನ್ ಇರುತ್ತದೆ, ಎಳೆ ಅಡಿಕೆ ಅಗಿದಾಗ ಬಾಯಿ ಹಿಡಿಯುವಂಥ ಒಗರು. ಕೊಬ್ಬಿರುವ ಮಾಂಸ, ಗಟ್ಟಿ ಚೀಸ್ ಆ ಒಗರನ್ನು ಮೆತ್ತಗೆ ಮಾಡುತ್ತವೆ. ಮೀನಿನ ಜೊತೆ ಅದೇ ವೈನ್ ಲೋಹದ ರುಚಿ ಕೊಡಬಹುದು. ಸಿಹಿ ತಿನಿಸಿನ ಜೊತೆಗಿನ ವೈನ್ ಆ ತಿನಿಸಿಗಿಂತ ಸಿಹಿಯಾಗಿರಬೇಕು.

ಇದೆಲ್ಲ ಒಂದೇ ಮೇಜಿನಲ್ಲಿ ಹೇಗೆ ಕೂಡುತ್ತದೆ ಎಂಬುದಕ್ಕೆ 2009ರ ನವೆಂಬರ್ 24ರ ವೈಟ್ ಹೌಸ್ ಮೆನು ಒಳ್ಳೆಯ ಪಾಠ. ಅಂದು ಪ್ರಧಾನಿ ಮನಮೋಹನ್ ಸಿಂಗ್ ಅತಿಥಿ. ಆಲೂಗಡ್ಡೆ–ಬದನೆ ಸಲಾಡ್‌ಗೆ ಚುರುಕು ಹುಳಿಯ ಬಿಳಿ ವೈನ್ ಸೊವಿನ್ಯೊ ಬ್ಲಾಂ ಕೊಟ್ಟರು. ಕೆಂಪು ಬೇಳೆಯ ಸೂಪ್‌ಗೆ ಒರೆಗಾನ್‌ನ ರೀಸ್ಲಿಂಗ್. ಮುಖ್ಯ ತಿನಿಸು ಎರಡು ಬಗೆ. ಒಂದು, ಟೊಮೆಟೊ ಚಟ್ನಿ, ಕಡಲೆಕಾಳು, ಬೆಂಡೆಕಾಯಿ ಜೊತೆ ಆಲೂಗಡ್ಡೆ ಡಂಪ್ಲಿಂಗ್. ಇನ್ನೊಂದು, ಹಸಿರು ಮಸಾಲೆಯ ‘ಗ್ರೀನ್ ಕರಿ’ಯಲ್ಲಿ ಮಾಡಿದ ಸಿಗಡಿ. ಎರಡಕ್ಕೂ ಒಂದೇ ವೈನ್ ಹೊಂದಬೇಕು, ಕಷ್ಟ ಅಲ್ವಾ? ಅವರು ಆರಿಸಿದ್ದು ಗ್ರೆನಾಶ್. ಕೆಂಪು ವೈನೇ, ಆದರೆ ಒಗರು ಕಡಿಮೆ, ಹಣ್ಣಿನ ರುಚಿ ಜಾಸ್ತಿ. ಮಸಾಲೆಯ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಇಡೀ ಪಟ್ಟಿಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಆಯ್ಕೆ ಇದು.

ಕೊನೆಗೆ ಕುಂಬಳಕಾಯಿ ಪೈ ಟಾರ್ಟ್ ಜೊತೆ ವರ್ಜೀನಿಯಾದ ಬ್ರೂಟ್ ನೊರೆವೈನ್ ಬಂತು. ಬ್ರೂಟ್ ಎಂದರೆ ಸಿಹಿ ಬಹಳ ಕಡಿಮೆ. ನಾನಾಗಿದ್ದರೆ ಅದನ್ನು ಊಟದ ಮೊದಲಿಗೆ ತರುತ್ತಿದ್ದೆ, ಟಾರ್ಟ್‌ಗೆ ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನ್ ಇಡುತ್ತಿದ್ದೆ.

ಮಧ್ಯಾಹ್ನದ ಲೆಕ್ಕ ಬೇರೆ

ಅದು ರಾತ್ರಿಯ ಮೆನು, ನಾಲ್ಕು ವೈನ್ ನಡೆಯುತ್ತದೆ. ಮಧ್ಯಾಹ್ನ ಹಾಗಲ್ಲ. ಊಟ ಮುಗಿಸಿ ಅತಿಥಿಗಳು ಮತ್ತೆ ಮಾತುಕತೆಗೆ ಕೂರುತ್ತಾರೆ, ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಮೂರು ತಿನಿಸು, ಎರಡು ವೈನ್, ಟೋಸ್ಟ್‌ಗೆ (ಶುಭ ಕೋರಿ ಗ್ಲಾಸ್ ಎತ್ತುವುದಕ್ಕೆ) ಒಂದಿಷ್ಟು ನೊರೆವೈನ್ ಸಾಕು. ಆಲ್ಕೋಹಾಲ್ ಶೇ 11ರಿಂದ 13ರ ಒಳಗಿದ್ದರೆ ಒಳ್ಳೆಯದು. ಹಗುರದ್ದು ಮೊದಲು, ಗಟ್ಟಿಯದ್ದು ಆಮೇಲೆ.

750 ಮಿ.ಲೀ. ಬಾಟಲಿಯಲ್ಲಿ 125 ಮಿ.ಲೀ.ಯಂತೆ ಆರು ಗ್ಲಾಸ್, ಟೋಸ್ಟ್‌ಗೆ 100 ಮಿ.ಲೀ. ಆದರೆ ಏಳು. 60 ಜನರಿಗೆ ಟೋಸ್ಟ್‌ಗೆ 9 ಬಾಟಲಿ, ಬಿಳಿ ವೈನಿಗೆ 10 ಬಾಟಲಿ ತಗಲುತ್ತದೆ. ಎರಡನೇ ಸಲ ಕೇಳುವವರು ಇದ್ದೇ ಇರುತ್ತಾರೆ, ಬಿಳಿಯದ್ದು 15 ಇರಲಿ. ನೊರೆವೈನ್ 6ರಿಂದ 8 ಡಿಗ್ರಿ, ಬಿಳಿ 8ರಿಂದ 12, ಹಗುರ ಕೆಂಪು 14ರಿಂದ 16 ಡಿಗ್ರಿಯಲ್ಲಿರಲಿ. ಬೇಸಿಗೆಯ ಮಧ್ಯಾಹ್ನ ಕೆಂಪು ವೈನನ್ನು ಹಾಗೇ ಹೊರಗಿಟ್ಟರೆ ಆಲ್ಕೋಹಾಲ್ ಘಾಟು ಮಾತ್ರ ಮೂಗಿಗೆ ಬಡಿಯುತ್ತದೆ.

ಒಮ್ಮೆ ಉಂಡು ನೋಡಿ

ಎರಡು ಮೂರು ವಾರ ಮುಂಚೆ ಇಡೀ ಊಟ ಮಾಡಿಸಿ, ಪ್ರತಿ ತಿನಿಸಿಗೂ ಮೂರು ವೈನ್ ಇಟ್ಟು ರುಚಿ ನೋಡಿ. ಒಂದು ತುತ್ತು, ಒಂದು ಗುಟುಕು, ಮತ್ತೆ ಒಂದು ತುತ್ತು. ಎರಡನೇ ತುತ್ತು ಮೊದಲಿನದಕ್ಕಿಂತ ರುಚಿಯಾಗಿದ್ದರೆ ಆ ವೈನ್ ಇಟ್ಟುಕೊಳ್ಳಿ. ಆಮೇಲೆ ಶೆಫ್ ಸಾಸ್ ಬದಲಿಸಿದರೆ ಮತ್ತೆ ರುಚಿ ನೋಡಲೇಬೇಕು. ಇಷ್ಟಾದ ಮೇಲೆಯೇ ಮೆನು ಕಾರ್ಡ್ ಅಚ್ಚಿಗೆ ಹೋಗಲಿ. ಅದರಲ್ಲಿ ವೈನಿನ ಹೆಸರು, ಪ್ರದೇಶ, ವರ್ಷ ಸರಿಯಾಗಿರಲಿ.

ಊಟದ ದಿನ ಬಡಿಸುವ ಮೊದಲು ಪ್ರತಿ ಬಾಟಲಿಯನ್ನೂ ತೆರೆದು ಮೂಸಿ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ವೈನನ್ನು ಕೆಡಿಸಿದೆ ಎಂದರ್ಥ, ಅದನ್ನು ಪಕ್ಕಕ್ಕಿಡಿ. ಇದಕ್ಕಾಗಿಯೇ ಪ್ರತಿ ವೈನಿನದೂ ಎರಡು ಮೂರು ಬಾಟಲಿ ಹೆಚ್ಚಿಗೆ ತಂಪಾಗಿ ಇಟ್ಟಿರಬೇಕು.