ಟಿಪ್ಪರ್ ರಿವರ್ಸ್ ಬರುವಾಗ ಯಾರ ಕೈ ನೋಡಬೇಕು?

ಮಂಗಳೂರಿನ ಯಾವುದಾದರೂ ರಸ್ತೆ ಕೆಲಸದ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಜೆಸಿಬಿ ಆಪರೇಟರ್ ಬೈಯುವುದು ತುಳುವಿನಲ್ಲಿ. ಚರಂಡಿಗೆ ಇಳಿದವರು ಬಾಗಲಕೋಟೆ ಕಡೆಯವರು. ಟಿಪ್ಪರ್ ಹಿಂದೆ ನಿಂತ ಹುಡುಗ ಜಾರ್ಖಂಡಿನವನು. ಟಿಪ್ಪರ್ ರಿವರ್ಸ್ ಬಂದರೆ ಮೂವರೂ ಅವರವರ ಭಾಷೆಯಲ್ಲಿ ಕೂಗುತ್ತಾರೆ. ಇಂಜಿನ್ ಸದ್ದಿನಲ್ಲಿ ಡ್ರೈವರ್‌ಗೆ ಒಂದೂ ಕೇಳುವುದಿಲ್ಲ, ಕೇಳಿದರೂ ಅರ್ಥವಾಗಬೇಕಲ್ವಾ?

ಹಾಗಾಗಿ ಬೆಳಿಗ್ಗೆ ಮೇಸ್ತ್ರಿ ಮೊದಲು ಮಾಡಬೇಕಾದದ್ದು ಸನ್ನೆ ಮಾಡಲು ಒಬ್ಬನನ್ನು ಗೊತ್ತು ಮಾಡುವುದು. ಒಬ್ಬನೇ ಸಾಕು. ಬಾ, ನಿಲ್ಲು, ಎಡಕ್ಕೆ, ಬಲಕ್ಕೆ: ಈ ನಾಲ್ಕು ಸನ್ನೆಗಳನ್ನು ಡ್ರೈವರ್ ಎದುರೇ ಒಮ್ಮೆ ಮಾಡಿ ತೋರಿಸಲಿ. ಆಮೇಲೆ ಡ್ರೈವರ್ ಅವನ ಕೈ ಮಾತ್ರ ನೋಡಬೇಕು. ಇದಕ್ಕೊಂದು ವಿನಾಯಿತಿ ಇದೆ. 'ನಿಲ್ಲು' ಎಂದು ಯಾರು ಕೈ ಎತ್ತಿದರೂ, ದಾರಿಹೋಕರೇ ಆಗಲಿ, ಗಾಡಿ ನಿಲ್ಲಬೇಕು.

ಸನ್ನೆ ಮಾಡುವವನು ಗಾಡಿಯ ನೇರ ಹಿಂದೆ ನಿಲ್ಲಬಾರದು. ಡ್ರೈವರ್ ಬದಿಗೆ ಸ್ವಲ್ಪ ಸರಿದು, ಕನ್ನಡಿಯಲ್ಲಿ ಮುಖ ಕಾಣುವಂತೆ ನಿಲ್ಲಬೇಕು. ಅವನಿಗೆ ಡ್ರೈವರ್ ಮುಖ ಕಾಣದಿದ್ದರೆ ಡ್ರೈವರ್‌ಗೂ ಅವನು ಕಾಣುವುದಿಲ್ಲ. ಕನ್ನಡಿಯಿಂದ ಅವನು ಮರೆಯಾದ ಕೂಡಲೇ ಬ್ರೇಕ್. ಫೋನ್ ಬಂತಾ? ಮೊದಲು ಗಾಡಿ ನಿಲ್ಲಿಸಿ.

ಸನ್ನೆ ಗೊತ್ತಾದ ಮೇಲೆ ಗಾಡಿಗೆ ಒಂದು ಸುತ್ತು ಹಾಕಿ. ಟೈರು, ಬ್ರೇಕು, ಹಾರ್ನು, ರಿವರ್ಸ್ ಅಲಾರಂ ನೋಡಲು ಐದು ನಿಮಿಷ ಬೇಕಾಗಬಹುದು. 'ಕುಂಯ್ ಕುಂಯ್ ಅಂತ ತಲೆನೋವು' ಎಂದು ಅಲಾರಮ್ಮಿನ ವೈರ್ ಕಿತ್ತಿಡುವವರಿದ್ದಾರೆ ಮಾರಾಯ್ರೇ! ಅಂಥ ಗಾಡಿಯನ್ನು ಕೆಲಸಕ್ಕೆ ಬಿಡಬೇಡಿ.

ಇನ್ನು ಅಗೆಯುವ ವಿಷಯ. ನಮ್ಮೂರಿನ ಮಣ್ಣು ಮೋಸ ಮಾಡುತ್ತದೆ. ಮೇಲೆ ಗಟ್ಟಿ ಮುರಕಲ್ಲು, ಬಕೆಟ್ ತಾಗಿದರೆ ಕಿಡಿ ಹಾರುವಷ್ಟು. ಅದರ ಕೆಳಗೆ ಶೇಡಿ ಮಣ್ಣು, ಅಂದರೆ ಮೆತ್ತನೆಯ ಜೇಡಿಮಣ್ಣು. ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಶಕ್ತಿ ಕಳೆದುಕೊಂಡು ಜಾರುತ್ತದೆ. 'ನಿನ್ನೆ ಸರಿಯಿತ್ತು' ಎಂಬ ಮಾತು ರಾತ್ರಿ ಮಳೆ ಬಿದ್ದ ಮೇಲೆ ನಡೆಯುವುದಿಲ್ಲ. 1.5 ಮೀಟರ್‌ಗಿಂತ, ಅಂದರೆ ಸುಮಾರು ಐದು ಅಡಿಗಿಂತ ಆಳವಾದರೆ ಬದಿಗೆ ಹಲಗೆ ಕೊಟ್ಟು ಅಡ್ಡಕ್ಕೆ ಆಧಾರ ನಿಲ್ಲಿಸದೆ ಯಾರನ್ನೂ ಕೆಳಗೆ ಇಳಿಸಬೇಡಿ. ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು. ಟಿಪ್ಪರನ್ನೂ ಅಂಚಿಗೆ ತರಬೇಡಿ, ಅದರ ಭಾರವೇ ಸಾಕು. ಕೆಳಗಿಳಿದವರಿಗೆ ಹತ್ತಿ ಬರಲು ಏಣಿ ಹತ್ತಿರದಲ್ಲೇ ಇರಲಿ.

ಜೆಸಿಬಿಯ ಹಿಂದಿನ ಕೈ ಎರಡೂ ಬದಿಗೆ ತಿರುಗುತ್ತದೆ. ಅದು ತಿರುಗುವಷ್ಟು ಜಾಗದಲ್ಲಿ ಯಾರೂ ಇರಬಾರದು, ಹಾರೆ ತರಲು ಹೋದವನೂ ಸೇರಿ.

ಟಿಪ್ಪರ್ ಡಬ್ಬ ಎತ್ತುವ ಮೊದಲು ತಲೆ ಎತ್ತಿ ತಂತಿ ನೋಡಿ. ಅಕಸ್ಮಾತ್ ತಂತಿ ತಾಗಿದರೆ ಡ್ರೈವರ್ ಒಳಗೇ ಕೂತಿರಲಿ, ಬೇರೆಯವರು ಓಡದೆ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ದೂರ ಸರಿಯಲಿ. 1912ಕ್ಕೆ ಫೋನ್ ಮಾಡಿ, ಕರೆಂಟ್ ತೆಗೆದಿದ್ದೇವೆ ಎಂದು ಮೆಸ್ಕಾಂನವರು ಹೇಳುವ ತನಕ ಗಾಡಿ ಮುಟ್ಟಬೇಡಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಹಾರಬೇಕು. ಒಂದು ಕೈ ಗಾಡಿಯಲ್ಲಿ, ಒಂದು ಕಾಲು ನೆಲದಲ್ಲಿ ಇರಲೇಬಾರದು.

ಊಟಕ್ಕೆ ಹೋಗುವಾಗ ಬಕೆಟ್ ನೆಲಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವಂಥ ಏರಿನಲ್ಲಾದರೆ ಚಕ್ರಕ್ಕೆ ಕಲ್ಲು ಕೊಡಲು ಮರೆಯಬೇಡಿ. ಕೀ ಆಪರೇಟರ್ ಜೇಬಿನಲ್ಲೇ ಇರಲಿ. 'ಸ್ವಲ್ಪ ಮುಂದೆ ಹಾಕ್ತೇನೆ' ಎಂದು ಹೆಲ್ಪರ್ ಸೀಟು ಹತ್ತುವುದು ಆ ಹೊತ್ತಿಗೇ.