ಬೆಳ್ಳಿ ಡಾಲರ್‌ನ ಗ್ರೇಡಿಂಗ್: ಪಿಸಿಜಿಎಸ್‌ಗೋ, ಎನ್‌ಜಿಸಿಗೋ, ಎನಾಕ್ಸ್‌ಗೋ?

ಅಮೆರಿಕದಲ್ಲಿರುವ ಗೆಳೆಯರೊಬ್ಬರು ಹೋದ ತಿಂಗಳು ಫೋನ್ ಮಾಡಿದ್ದರು. ಕೈಯಲ್ಲಿ ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳಾದ ಐದು ಮೋರ್ಗನ್ ಡಾಲರ್‌ಗಳಿವೆ, ಅವಕ್ಕೆ ದರ್ಜೆ ಹಾಕಿಸಲು ಪಿಸಿಜಿಎಸ್ ಕಂಪನಿಗೆ ಕಳಿಸಲಾ, ಎನ್‌ಜಿಸಿಗೆ ಕಳಿಸಲಾ ಅಂತ ಕೇಳಿದರು. ‘ನಾಣ್ಯಗಳನ್ನು ದೀಪದ ಕೆಳಗೆ ಹಿಡಿದು ನೋಡಿದ್ದೀರಾ?’ ಎಂದೆ. ಇಲ್ಲ ಎಂದರು. ಮೊದಲು ನೋಡಿ, ಕಂಪನಿಯ ಮಾತು ಆಮೇಲೆ ಆಡೋಣ ಎಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಗ್ರೇಡಿಂಗ್ ಕಂಪನಿ ಮೊದಲು ನಾಣ್ಯ ಅಸಲಿಯೋ ನಕಲಿಯೋ ನೋಡುತ್ತದೆ. ಆಮೇಲೆ 1ರಿಂದ 70ರವರೆಗಿನ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತದೆ. ಸಂಗ್ರಾಹಕರು ಅದನ್ನು ಸ್ಲ್ಯಾಬ್ ಎನ್ನುತ್ತಾರೆ. ಈ 70ರ ಲೆಕ್ಕ 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗೆಂದು ಮಾಡಿದ್ದು. 60 ಮತ್ತು ಅದಕ್ಕಿಂತ ಮೇಲಿನ ಅಂಕ ಬಂದರೆ ನಾಣ್ಯ ಚಲಾವಣೆಯಲ್ಲಿ ಸವೆದಿಲ್ಲ ಎಂದರ್ಥ. ಅಂಥ ಅಂಕದ ಮುಂದೆ ಎಂಎಸ್ (ಮಿಂಟ್ ಸ್ಟೇಟ್, ಅಂದರೆ ಟಂಕಸಾಲೆಯಿಂದ ಬಂದ ಸ್ಥಿತಿ) ಎಂದು ಬರೆಯುತ್ತಾರೆ. ಇದೆಲ್ಲ ಬರುವ ಮುಂಚೆ ಜಗಳ ಜಾಸ್ತಿ ಇತ್ತು. ಮಾರುವಾಗ ‘ಅಪರೂಪದ ಮಾಲು’ ಎಂದ ವ್ಯಾಪಾರಿಯೇ ವಾಪಸ್ ಕೊಳ್ಳುವಾಗ ‘ಸಾಧಾರಣ’ ಎನ್ನುತ್ತಿದ್ದ.

ಮೊದಲ ಕೆಲಸ: ನೀವೇ ನೋಡಿ

ಒಂದೇ ಒಂದು ದೀಪ ಸಾಕು. ಕೋಣೆಯ ಉಳಿದ ಲೈಟ್ ಆರಿಸಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ನಿಧಾನವಾಗಿ ವಾಲಿಸಿ. ಮುಟ್ಟದ, ತೊಳೆಯದ ಮೋರ್ಗನ್ ಡಾಲರ್ ಮೇಲೆ ಬೆಳಕು ಗಾಡಿ ಚಕ್ರದ ಕಡ್ಡಿಗಳ ಹಾಗೆ ಗಿರ್ರನೆ ಸುತ್ತುತ್ತದೆ. ಹಾಗೆ ಸುತ್ತದೆ ಬೆಳಕು ಒಂದೇ ಕಡೆ ಸತ್ತು ನಿಂತರೆ ಅನುಮಾನ ಪಡಿ. ಇನ್ನೂ ವಾಲಿಸಿದಾಗ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಓಡಿರುವುದು ಕಂಡರೆ ಯಾರೋ ಅದನ್ನು ಬಟ್ಟೆಯಿಂದ ಉಜ್ಜಿದ್ದಾರೆ.

ಆಮೇಲೆ ಮೂರು ಜಾಗ ನೋಡಿ. ಲಿಬರ್ಟಿ ದೇವಿಯ ಕಿವಿಯ ಮೇಲಿನ ಕೂದಲು ಮತ್ತು ಹಿಂಬದಿಯ ಹದ್ದಿನ ಎದೆ, ಸವೆತ ಶುರುವಾಗುವುದೇ ಇಲ್ಲಿ. ಮೂರನೆಯದು ದೇವಿಯ ಕೆನ್ನೆ. ಈ ಡಾಲರ್‌ಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ ಬಟ್ಟೆ ಚೀಲಕ್ಕೆ ತುಂಬಿ ಸರ್ಕಾರದ ಖಜಾನೆಯಲ್ಲಿ ಇಡುತ್ತಿದ್ದರು. ಒಂದಕ್ಕೊಂದು ತಾಗಿ ಆದ ಗಾಯಗಳು ಬಯಲಿನಂಥ ಆ ಕೆನ್ನೆಯ ಮೇಲೆ ಎದ್ದು ಕಾಣುತ್ತವೆ. ಅಂಕ 63 ಆಗುವುದೋ 65 ಆಗುವುದೋ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಇದನ್ನು ಕಲಿಯದೆ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. ನಾಣ್ಯ ಮೇಳವೊಂದರಲ್ಲಿ ಫಳಫಳ ಹೊಳೆಯುವ ಡಾಲರ್ ಕಂಡು, ಒಳ್ಳೆ ಬೆಲೆ ಕೊಟ್ಟು ತಂದು ಗ್ರೇಡಿಂಗ್‌ಗೆ ಕಳಿಸಿದೆ. ವಾಪಸ್ ಬಂದ ಲೇಬಲ್ ಮೇಲೆ ಅಂಕವೇ ಇರಲಿಲ್ಲ. ಡಿಟೇಲ್ಸ್, ಕ್ಲೀನ್ಡ್ ಎಂದಿತ್ತು. ನಾಣ್ಯ ಅಸಲಿ, ಆದರೆ ತೊಳೆದದ್ದು ಅಂತ. ಕೊಟ್ಟ ಬೆಲೆಯ ಅರ್ಧವೂ ಬರಲಿಲ್ಲ. ಆ ಹೊಳಪು ಟಂಕಸಾಲೆಯದಲ್ಲ, ಪಾಲಿಶ್‌ನದು. ದೀಪದ ಕೆಳಗೆ ಒಂದು ನಿಮಿಷ ವಾಲಿಸಿದ್ದರೆ ನನಗೇ ಗೊತ್ತಾಗುತ್ತಿತ್ತು.

ಎರಡನೆಯದು: ಕಳಿಸುವಷ್ಟು ಬೆಲೆ ಇದೆಯಾ?

ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1881ರ ಡಾಲರ್ ತುಂಬಾ ಚೆಂದ. ಆದರೆ 1 ಕೋಟಿ 27 ಲಕ್ಷಕ್ಕೂ ಹೆಚ್ಚು ಟಂಕಿಸಿದ್ದಾರೆ, ಇವತ್ತಿಗೂ ಧಾರಾಳವಾಗಿ ಸಿಗುತ್ತದೆ. ಸಾಧಾರಣ ಸ್ಥಿತಿಯದಾದರೆ ಗ್ರೇಡಿಂಗ್ ಶುಲ್ಕ, ಅಂಚೆ, ವಿಮೆ ಸೇರಿಸಿದ ಖರ್ಚು ನಾಣ್ಯದ ಬೆಲೆಯನ್ನೇ ತಿಂದುಹಾಕುತ್ತದೆ. ಅದನ್ನು ಸುಮ್ನೆ ಆಲ್ಬಮ್‌ನಲ್ಲಿಟ್ಟು ಸಂತೋಷಪಡಿ.

ಅದೇ ಟಂಕಸಾಲೆಯ 1893ರ ಡಾಲರ್ ಬೇರೆಯೇ ಕಥೆ. ಟಂಕಿಸಿದ್ದು ಬರೀ 1 ಲಕ್ಷ. ಹಾಗಾಗಿ ಬೇರೆ ಟಂಕಸಾಲೆಯ 1893ರ ನಾಣ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಗುರುತಾದ ಪುಟ್ಟ ‘ಎಸ್’ ಅಕ್ಷರ ಅಂಟಿಸಿ ಮೋಸ ಮಾಡುತ್ತಾರೆ. ಅಸಲಿಯನ್ನು ಗುರುತಿಸುವ ದಾರಿಯೊಂದಿದೆ. ಆ ವರ್ಷ ಅಲ್ಲಿ ಮುಂಬದಿಗೆ ಬಳಸಿದ್ದು ಒಂದೇ ಅಚ್ಚು. ದೇವಿಯ ತಲೆಪಟ್ಟಿಯ ಮೇಲಿನ ಲಿಬರ್ಟಿ ಎಂಬ ಪದದ ‘ಟಿ’ ಅಕ್ಷರದ ತಲೆಯಲ್ಲಿ ಓರೆಯಾದ ಒಂದು ಸಣ್ಣ ಉಬ್ಬುಗೆರೆ ಇರಬೇಕು. ಲೆನ್ಸ್ ಹಿಡಿದರೆ ಕಾಣುತ್ತದೆ. ಗೆರೆ ಇದ್ದರೂ ಈ ನಾಣ್ಯವನ್ನು ಸ್ಲ್ಯಾಬ್ ಇಲ್ಲದೆ ಕೊಳ್ಳಬಾರದು, ಮಾರಲೂಬಾರದು. ಗ್ರೇಡಿಂಗ್ ಕಂಪನಿಯ ನಿಜವಾದ ಉಪಯೋಗ ಇಂಥ ಕಡೆ ಇದೆ.

ಮೂರನೆಯದು: ಯಾವ ಕಂಪನಿ?

ಈ ಪ್ರಶ್ನೆಗೆ ಉತ್ತರ ಇರುವುದು ಆ ನಾಣ್ಯದಿಂದ ನಿಮಗೇನಾಗಬೇಕು ಎಂಬುದರಲ್ಲಿ.

ಮಾರಬೇಕು, ಅದೂ ಅಮೆರಿಕದ ನಾಣ್ಯ, ಬೆಲೆಯೂ ದೊಡ್ಡದು ಎಂದರೆ ಬಹಳಷ್ಟು ಜನ ಪಿಸಿಜಿಎಸ್‌ಗೆ ಹೋಗುತ್ತಾರೆ. 1986ರಲ್ಲಿ ಕೆಲಸ ಶುರುಮಾಡಿ ಸ್ಲ್ಯಾಬ್ ಪದ್ಧತಿಯನ್ನು ಊರ್ಜಿತಕ್ಕೆ ತಂದ ಕಂಪನಿ ಇದು. ಇನ್ನೊಂದು ಕಾರಣ ಅದರ ರಿಜಿಸ್ಟ್ರಿ. ಸಂಗ್ರಾಹಕರು ತಮ್ಮ ಪೂರ್ತಿ ಸೆಟ್ಟನ್ನು ಅಲ್ಲಿ ದಾಖಲಿಸಿ, ಯಾರ ಸೆಟ್ ಮೇಲೆ ಎಂದು ಪೈಪೋಟಿ ನಡೆಸುತ್ತಾರೆ. ಅಲ್ಲಿ ಪಿಸಿಜಿಎಸ್ ಸ್ಲ್ಯಾಬ್‌ಗೆ ಮಾತ್ರ ಜಾಗ. ಪೈಪೋಟಿಗೆ ಬಿದ್ದವರು ಅದೇ ಸ್ಲ್ಯಾಬ್‌ಗೆ ಹೆಚ್ಚು ದುಡ್ಡು ಕೊಡುತ್ತಾರೆ. ಹೀಗಾಗಿ ಒಂದೇ ಅಂಕದ ಎರಡು ನಾಣ್ಯಗಳಿಗೂ ಹರಾಜಿನಲ್ಲಿ ವ್ಯತ್ಯಾಸ ಬೀಳುವುದುಂಟು.

ಎನ್‌ಜಿಸಿ 1987ರದು. ಶುರುಮಾಡಿದ ಜಾನ್ ಅಲ್ಬನೀಸ್ ಮೊದಲು ಪಿಸಿಜಿಎಸ್ ಕಟ್ಟಿದವರಲ್ಲೇ ಒಬ್ಬರು. ಬೇರೆ ದೇಶಗಳ ನಾಣ್ಯವಾದರೆ ನನ್ನ ಒಲವು ಎನ್‌ಜಿಸಿ ಕಡೆಗೇ. ಪ್ರಾಚೀನ ಗ್ರೀಕ್, ರೋಮನ್ ನಾಣ್ಯಗಳಿಗೆ ಅಲ್ಲಿ ಬೇರೆಯೇ ವಿಭಾಗವಿದೆ. ಅವಕ್ಕೆ 70ರ ಲೆಕ್ಕವಿಲ್ಲ. ಅಚ್ಚು ಎಷ್ಟು ಚೆನ್ನಾಗಿ ಬಿದ್ದಿದೆ, ಮೈ ಹೇಗಿದೆ ಎಂದು ತಲಾ 5ಕ್ಕೆ ಅಂಕ ಕೊಡುತ್ತಾರೆ. ಕೈಯಲ್ಲಿ ಬಡಿದು ಮಾಡಿದ ನಾಣ್ಯವನ್ನು ಅಳೆಯುವ ಸರಿಯಾದ ರೀತಿ ಇದು.

ಎನಾಕ್ಸ್ ಇವೆರಡಕ್ಕಿಂತ ಹಳೆಯದು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಎಂಬ ನಾಣ್ಯಪ್ರಿಯರ ಸಂಘ 1972ರಲ್ಲಿ ಅಸಲಿ-ನಕಲಿ ಪರೀಕ್ಷೆಗೆಂದು ಇದನ್ನು ಹುಟ್ಟುಹಾಕಿತು. ಈಗ ಬೇರೆಯವರ ಕೈಯಲ್ಲಿದೆ. ಅಚ್ಚಿನ ದೋಷ, ಸಣ್ಣಪುಟ್ಟ ಅಚ್ಚುಭೇದಗಳನ್ನು ಹುಡುಕುವವರಿಗೆ ಇದರ ಮೇಲೆ ಪ್ರೀತಿ. ನಾಣ್ಯ ಮನೆಯಲ್ಲೇ ಉಳಿಯುವುದು, ಅಸಲಿಯೋ ಎಂದು ತಿಳಿದರೆ ಸಾಕು ಅನ್ನುವವರಿಗೆ ಇದು ಧಾರಾಳ ಸಾಕು. ನೇರ ಕಳಿಸಲು ಸದಸ್ಯತ್ವವೂ ಬೇಡ. ಉಳಿದೆರಡಕ್ಕೆ ಸದಸ್ಯರಾಗಬೇಕು, ಇಲ್ಲವೇ ಅಧಿಕೃತ ಡೀಲರ್ ಮೂಲಕ ಹೋಗಬೇಕು.

ಸ್ಲ್ಯಾಬ್ ಮೇಲೆ ಹಸಿರು ಸ್ಟಿಕ್ಕರ್ ಕಂಡರೆ ಅದು ಸಿಎಸಿ ಎಂಬ ಕಂಪನಿಯದು. ಇದೂ ಅದೇ ಅಲ್ಬನೀಸ್ ಅವರ ಕೆಲಸ, 2007ರದು. ಕೊಟ್ಟ ಅಂಕಕ್ಕೆ ನಾಣ್ಯ ಗಟ್ಟಿಯಾಗಿದೆ ಎಂಬ ಎರಡನೇ ಅಭಿಪ್ರಾಯ ಅದು. ಚಿನ್ನದ ಬಣ್ಣದ ಸ್ಟಿಕ್ಕರ್ ಇದ್ದರೆ ಅಂಕ ಇನ್ನೂ ಹೆಚ್ಚು ಬರಬಹುದಿತ್ತು ಎಂದರ್ಥ. ಒಬ್ಬರು ಕೊಟ್ಟ ಅಂಕವನ್ನು ಇನ್ನೊಬ್ಬರು ತೂಗಬೇಕಾಗಿ ಬಂದಿದೆ ಎಂದರೆ ಅಂಕ ಕೊಡುವವರೂ ಮನುಷ್ಯರೇ ಅಲ್ವಾ? ಅದಕ್ಕೇ ಕೊಳ್ಳುವಾಗ ಲೇಬಲ್ ನೋಡುವ ಮುಂಚೆ ನಾಣ್ಯ ನೋಡಿ.

ನಾಲ್ಕನೆಯದು: ಕಳಿಸುವುದು, ಪರಿಶೀಲಿಸುವುದು

ನಾಣ್ಯವನ್ನು ಮೆತ್ತನೆಯ ಪಾರದರ್ಶಕ ಕವರಿಗೆ ಹಾಕಿ. ಸ್ಟೇಪಲ್ ಪಿನ್ ಹತ್ತಿರಕ್ಕೂ ಬರಬಾರದು. ಎರಡೂ ಬದಿಯ ಫೋಟೊ ತೆಗೆದಿಡಿ, ತೂಕ ಬರೆದಿಡಿ. ಮೋರ್ಗನ್ ಡಾಲರ್ 26.73 ಗ್ರಾಂ ಇರಬೇಕು. ಅರ್ಜಿಯಲ್ಲಿ ನಾಣ್ಯದ ಬೆಲೆ ನೀವೇ ಬರೆಯಬೇಕು. ಶುಲ್ಕದ ದರ್ಜೆ ಅದರ ಮೇಲೆ ನಿಂತಿದೆ. ಶುಲ್ಕ ಉಳಿಸಲು ಕಡಿಮೆ ಬರೆದರೆ ದಾರಿಯಲ್ಲಿ ಕಳೆದಾಗ ಸಿಗುವುದೂ ಕಡಿಮೆಯೇ.

ಸ್ಲ್ಯಾಬ್ ಆದ ನಾಣ್ಯ ಕೊಳ್ಳುವವರು ಲೇಬಲ್‌ನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಲೇಬೇಕು. ನಂಬರ್ ಹೊಂದಿದರಷ್ಟೇ ಸಾಲದು, ಏಕೆಂದರೆ ಸ್ಲ್ಯಾಬ್‌ಗಳೂ ನಕಲಿ ಬರುತ್ತಿವೆ. ಅಲ್ಲಿ ಫೋಟೊ ಇದ್ದರೆ ಕೆನ್ನೆಯ ಮೇಲಿನ ಗಾಯಗಳನ್ನು ಒಂದೊಂದಾಗಿ ಹೋಲಿಸಿ.

ನಮ್ಮ ಮನೆಯ ರೂಪಾಯಿಗಳು

ಇದನ್ನು ಓದಿ ಅಜ್ಜಿಯ ಪೆಟ್ಟಿಗೆಯ ವಿಕ್ಟೋರಿಯಾ ರೂಪಾಯಿಯನ್ನು ಸೂಟ್‌ಕೇಸಿನಲ್ಲಿ ಅಮೆರಿಕಕ್ಕೆ ಒಯ್ಯುವ ಯೋಚನೆ ಬಂದರೆ ದಯವಿಟ್ಟು ಬೇಡ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚೀನ ವಸ್ತುವೇ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಕೃಷ್ಣದೇವರಾಯನ ವರಹಕ್ಕೂ, ಟಿಪ್ಪುವಿನ ಆನೆ ಕಾಸಿಗೂ, 1911ರ ಜಾರ್ಜ್ ರೂಪಾಯಿಗೂ ಇದೇ ನಿಯಮ. ಬ್ರಿಟಿಷರ ಕಾಲದ ನಾಣ್ಯಗಳಲ್ಲಿ ಬಹುಬೇಡಿಕೆಯ 1939ರ ರೂಪಾಯಿಗಾದರೋ ಇನ್ನೂ ನೂರಾಗಿಲ್ಲ. ಅದನ್ನು ಕಳಿಸುವುದಾದರೂ ಕಸ್ಟಮ್ಸ್ ಕಾಗದಪತ್ರ ಸರಿಯಿರಲಿ.

ಇನ್ನು ಲಕ್ಷ್ಮಿ ಪೂಜೆಯ ಬೆಳ್ಳಿ ರೂಪಾಯಿಗಳು. ಪ್ರತಿ ದೀಪಾವಳಿಗೆ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ತಿಕ್ಕುವ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಕಪ್ಪಾಗಿದೆ ಎಂದು ಬೇಜಾರು ಬೇಡ, ಆ ಕಪ್ಪಿಗೇ ಸಂಗ್ರಾಹಕರು ಬೆಲೆ ಕೊಡುವುದು. ಈ ಸಲ ಪೂಜೆಗೆ ತಿಕ್ಕದೆ ಹಾಗೇ ಇಡಿ. ಕುಂಕುಮ ನೇರವಾಗಿ ಮೇಲೆ ಬೀಳದಂತೆ ಕೆಳಗೊಂದು ವೀಳ್ಯದೆಲೆ, ಮೇಲೊಂದು ಹೂವು ಸಾಕು.