ಇಪ್ಪತ್ತು ಹುಣಸೆ ಬೀಜದ ಇಂಧನ

ನನ್ನದು ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಭಾನುವಾರ ಮಧ್ಯಾಹ್ನ ಶಟರ್ ಎಳೆದ ಮೇಲೆ ಮೇಲಿನ ರೂಮಿನಲ್ಲಿ ನಾಲ್ಕು ಜನ ಕೂತು ಬಾಹ್ಯಾಕಾಶದ ಆಟ ಆಡುತ್ತೇವೆ. ರೋಲ್‌ಪ್ಲೇ ಆಟ. ಬೋರ್ಡ್ ಇಲ್ಲ, ಗೆಲ್ಲೋದು ಸೋಲೋದು ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಮಾತಲ್ಲೇ ಕಥೆ ಮುಂದೆ ಹೋಗುತ್ತೆ, ಆಗುತ್ತೋ ಇಲ್ಲವೋ ಅನ್ನೋ ಕಡೆ ಎರಡು ದಾಳ ಹಾಕುತ್ತೇವೆ. ನಾನು ರೆಫರಿ. ಅಕ್ಕನ ಮಗ ಪೈಲಟ್. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವ ಮೇಡಂ ಒಬ್ಬರು ಹಡಗಿನ ಎಂಜಿನಿಯರ್. ಇನ್ನೊಬ್ಬ ನನ್ನ ಹಳೇ ಗೆಳೆಯ, ನಿಜ ಜೀವನದಲ್ಲಿ ನೀರಿನ ಟ್ಯಾಂಕರ್ ಲಾರಿ ಓಡಿಸುತ್ತಾನೆ. ಬೇಸಿಗೆ ಬಂತಂದರೆ ಚನ್ನಗಿರಿ ಕಡೆ ಅಡಿಕೆ ತೋಟಗಳಿಗೆ ಹಗಲೂ ರಾತ್ರಿ ನೀರು ಹೊಡೆಯೋದು ಅವನ ಕೆಲಸ. ಆಟದಲ್ಲೂ ಅವನಿಗೆ ಪಂಪಿನ ಜವಾಬ್ದಾರಿಯೇ ಕೊಟ್ಟಿದ್ದೇವೆ. ಹಡಗಿನ ಹೆಸರು ಓಬವ್ವ. ಪಕ್ಕದ ಜಿಲ್ಲೆಯ ಹೆಣ್ಣುಮಗಳ ಹೆಸರಿಟ್ಟಿದ್ದಕ್ಕೆ ಯಾರೂ ತಕರಾರು ಮಾಡಿಲ್ಲ.

ನಿಯಮಗಳ ಬುಡ 1977ರಲ್ಲಿ ಅಮೆರಿಕಾದಲ್ಲಿ ಬಂದ ಟ್ರಾವೆಲರ್ ಅನ್ನೋ ಆಟದ್ದು. ಅದರಲ್ಲಿ ಹಡಗುಗಳಿಗೆ ಇಂಧನ ದ್ರವ ಹೈಡ್ರೋಜನ್. ಹಡಗಿನ ಗಾತ್ರ ಅಳೆಯೋದೂ ಅದರಲ್ಲೇ. ಒಂದು ಟನ್ ದ್ರವ ಹೈಡ್ರೋಜನ್ ಹಿಡಿಯುವ ಜಾಗ, ಅಂದರೆ ಸುಮಾರು 14 ಘನ ಮೀಟರ್, ಅದು ಒಂದು 'ಟನ್'. ಒಂದು ಪಾರ್ಸೆಕ್ ದೂರ, ಅಂದರೆ 3.26 ಜ್ಯೋತಿರ್ವರ್ಷ ಜಿಗಿಯೋಕೆ ಹಡಗಿನ ಗಾತ್ರದ ಹತ್ತನೇ ಒಂದು ಭಾಗ ಇಂಧನ ಖರ್ಚು. ನಮ್ಮ ಓಬವ್ವ 200 ಟನ್. ಹಂಗಾಗಿ ಒಂದು ಜಿಗಿತಕ್ಕೆ 20 ಟನ್, 280 ಘನ ಮೀಟರ್. ನನ್ನ ಗೆಳೆಯ ಅಲ್ಲೇ ಲೆಕ್ಕ ಹಾಕಿದ. ಅವನದು 12 ಸಾವಿರ ಲೀಟರಿನ ಟ್ಯಾಂಕರ್. "ಲೇ, ಇಪ್ಪತ್ತಮೂರು ಲೋಡಿನ ಮ್ಯಾಲಾತಲ್ಲೋ ಇದು!"

ಬಂದರಿನಲ್ಲಿ ಶುದ್ಧ ಇಂಧನ ಟನ್ನಿಗೆ 500 ಕ್ರೆಡಿಟ್, ಕಚ್ಚಾ ಇಂಧನ 100. ಕಾಸಿಲ್ಲದವರು, ಬಂದರಿಗೆ ಹೋಗಿ ಮುಖ ತೋರಿಸೋಕೆ ಆಗದವರು ಗುರು, ಶನಿಯಂಥ ಅನಿಲ ದೈತ್ಯ ಗ್ರಹಕ್ಕೆ ಹೋಗಿ ಪುಕ್ಕಟೆ ತುಂಬಿಸಿಕೊಳ್ಳುತ್ತಾರೆ. ಅಂಥ ಗ್ರಹದ ತುಂಬಾ ಹೈಡ್ರೋಜನ್ನೇ ಅಲ್ವಾ. ಕಚ್ಚಾ ಮಾಲು ಹಾಕಿ ಜಿಗಿದರೆ ದಾರಿ ತಪ್ಪುವ ಭಯ ಇದೆ ಅಷ್ಟೇ. ಬೋರ್‌ವೆಲ್ ನೀರಿಗೂ ಫಿಲ್ಟರ್ ನೀರಿಗೂ ಇರೋ ವ್ಯತ್ಯಾಸ ಅಂತ ಹೇಳಿದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಮೊದಲು ನಾನು ಇದನ್ನ ಎರಡು ದಾಳ ಒಂದೇ ಸಲ ಹಾಕಿ ಮುಗಿಸುತ್ತಿದ್ದೆ. ಎಂಟು ಅಥವಾ ಜಾಸ್ತಿ ಬಿತ್ತಾ, ತುಂಬಿತು, ನಡೀರಿ. ಪೆಟ್ರೋಲ್ ಬಂಕಿಗೆ ಹೋಗಿ ಬಂದಷ್ಟೇ ಸಪ್ಪೆ. ಅಷ್ಟು ದೊಡ್ಡ ಗ್ರಹ ಎದುರಿಗೆ ಬಂದು ನಿಂತರೂ ಯಾರೂ ಮಂಡಕ್ಕಿಯಿಂದ ತಲೆ ಎತ್ತುತ್ತಿರಲಿಲ್ಲ.

ಆಮೇಲೆ ಉಲ್ಟಾ ತಪ್ಪು ಮಾಡಿದೆ. ನಿಜವಾದ ಲೆಕ್ಕ ಹಾಕೋಣ ಅಂತ ಒಂದು ವಾರ ನೋಟ್‌ಬುಕ್ ತುಂಬಾ ಗೀಚಿದೆ. ಶನಿ ಗ್ರಹದ ಮೋಡದ ಮೇಲೆ ಸುತ್ತುಹಾಕಬೇಕಂದರೆ ಸೆಕೆಂಡಿಗೆ 25 ಕಿ.ಮೀ. ವೇಗ ಬೇಕು. ಗ್ರಹ ತಾನೇ ಜೋರಾಗಿ ತಿರುಗುತ್ತೆ, ಅದು ತಿರುಗೋ ದಿಕ್ಕಿಗೇ ಹೋದರೆ ಸಮಭಾಜಕದ ಹತ್ತಿರ 10 ಕಿ.ಮೀ. ಉಳಿತಾಯ. ಉಳಿದಿದ್ದು 15. ಆ ವೇಗದಲ್ಲಿ ಬಾಯಿ ತೆರೆದು ಗಾಳಿ ಬಾಚಿಕೊಂಡರೆ ಒಳಗೆ ಬರೋ ಒಂದೊಂದು ಕೆಜಿಯೂ 112 ಮೆಗಾಜೂಲ್ ಶಾಖ ತರುತ್ತೆ. ಅಂದರೆ ಆ ಹೈಡ್ರೋಜನ್ನನ್ನು ಆಮ್ಲಜನಕದಲ್ಲಿ ಸುಟ್ಟರೆ ಎಷ್ಟು ಶಾಖ ಬರುತ್ತೋ ಹೆಚ್ಚುಕಡಿಮೆ ಅಷ್ಟು, ಸುಡದೇನೇ! 20 ಟನ್ನನ್ನು 22 ನಿಮಿಷದಲ್ಲಿ ತುಂಬಿಸಬೇಕಂದರೆ ಸೆಕೆಂಡಿಗೆ 15 ಕೆಜಿ, ಶಾಖ ಹತ್ತಿರ ಹತ್ತಿರ 1700 ಮೆಗಾವ್ಯಾಟ್. ರಾಯಚೂರಿನ ಥರ್ಮಲ್ ಸ್ಟೇಷನ್ ಎಂಟೂ ಯೂನಿಟ್ ಓಡಿದಾಗ ಕೊಡೋ ಕರೆಂಟು 1720. ಅಷ್ಟನ್ನೂ ಒಂದು ಹಡಗಿನ ಮೂತಿ ತಡೀಬೇಕು.

ಗುರು ಗ್ರಹ ಇನ್ನೂ ಕಷ್ಟ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಪ್ರೋಬ್ ಅದರೊಳಗೆ ಬಿದ್ದಾಗ ವೇಗ ಸೆಕೆಂಡಿಗೆ 47 ಕಿ.ಮೀ. 339 ಕೆಜಿ ಪ್ರೋಬಿನಲ್ಲಿ 152 ಕೆಜಿ ಬರೀ ಶಾಖ ತಡೆಯೋ ಕವಚವೇ ಇತ್ತು, ಆದರೂ ಅದು ಮಾತಾಡಿದ್ದು ಸುಮಾರು ಒಂದು ಗಂಟೆ ಅಷ್ಟೇ. ಸಾಲದ್ದಕ್ಕೆ ಅಲ್ಲಿ ನಮ್ಮ ಭೂಮಿಯ ಎರಡೂವರೆ ಪಟ್ಟು ಗುರುತ್ವ. ನಮ್ಮ ಓಬವ್ವನ ಎಂಜಿನ್ನೋ ಒಂದು ಜಿ, ಅಂದರೆ ಭೂಮಿಯ ಗುರುತ್ವದಷ್ಟೇ ಬಲ. ಜಾತಕದಲ್ಲಿ ಗುರುಬಲ ಎಷ್ಟೇ ಇರಲಿ, ಈ ಗುರು ಮಾತ್ರ ಕೈ ಹಿಡಿಯಲ್ಲ.

ಇಷ್ಟನ್ನೂ ಒಂದು ಭಾನುವಾರ ಮುಕ್ಕಾಲು ಗಂಟೆ ವಿವರಿಸಿದೆ. ಮಿರ್ಚಿ ಖಾಲಿ ಆಯಿತು. ಅಕ್ಕನ ಮಗ ಮೊಬೈಲ್ ತೆಗೆದ. ಮೇಡಂ ಒಬ್ಬರೇ ಕೇಳುತ್ತಿದ್ದರು, ಅವರೂ ಪಾಪ ಮರ್ಯಾದೆಗೆ.

ಗೆಳೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಹಂಗೇ ಕಣ್ಣು ಮುಚ್ಚಿಕೊಂಡೇ ಅಂದ: "ಲೇ, ನೀ ತುಂಬ್ಸೋದ್ನ ಹೇಳಾಕತ್ತಿ. ತುಂಬ್ಸೋದ್ರಾಗ ಏನೈತಿ? ಪೈಪು ಕೆಳಗ ಬಿಟ್ಟಿರ್ತೀವಲ್ಲ, ಆವಾಗ ಲಾರಿ ಕದಲಂಗಿಲ್ಲ. ಅದನ್ನ ಹೇಳು."

ನನಗೆ ಥಟ್ಟನೆ ಭದ್ರಾ ನಾಲೆ ನೆನಪಾಯಿತು. ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟಾಗ ದಂಡೆ ಉದ್ದಕ್ಕೂ ರಾತ್ರೋರಾತ್ರಿ ಪಂಪ್‌ಸೆಟ್ ಇಳಿಯುತ್ತವೆ, ಕೊನೆ ಭಾಗದವರಿಗೆ ನೀರು ಮುಟ್ಟಲ್ಲ, ಆಮೇಲೆ ತೆರವು ಮಾಡೋಕೆ ಜೀಪ್ ಬರುತ್ತೆ. ಅದರಲ್ಲಿ ಸುಟ್ಟ ಎಷ್ಟೋ ಮೋಟಾರು ನನ್ನ ಅಂಗಡಿಗೇ ಬಂದಿವೆ. ದಂಡೆ ಮೇಲೆ ಟಾರ್ಚ್ ಬೆಳಕು ಕಂಡಾಗ ಪಂಪ್ ಇಳಿಸಿದ ಮನುಷ್ಯನಿಗೆ ಇರೋದು ಒಂದೇ ಪ್ರಶ್ನೆ. ಇನ್ನೂ ಹತ್ತು ನಿಮಿಷ ಓಡಿಸಲಾ, ಪೈಪ್ ಎಳೆದುಕೊಂಡು ಓಡಲಾ? ನಮ್ಮ ಆಟದಲ್ಲಿ ಇಲ್ಲದೇ ಇದ್ದದ್ದು ಇದೇ.

ಅಲ್ಲಿಂದ ನಿಯಮ ಮತ್ತೆ ಬರೆದೆ. ಈಗ ನಾವು ಹೋಗೋದು ಯುರೇನಸ್ ಜಾತಿಯ ಗ್ರಹಕ್ಕೆ. ಓಡುತ್ತಾ ಬಾಚೋದಿಲ್ಲ, ಎಂಜಿನ್ ಬಲದ ಮೇಲೆ ನಿಧಾನಕ್ಕೆ ಇಳಿದು, ಮೋಡದಲ್ಲಿ ನಿಂತು ಹೀರೋದು. ಯುರೇನಸ್‌ನಲ್ಲಿ ಗುರುತ್ವ ಭೂಮಿಯ ಹತ್ತರಲ್ಲಿ ಒಂಬತ್ತು ಭಾಗ. ಒಂದು ಜಿ ಎಂಜಿನ್ ಇದ್ದರೆ ನಿಲ್ಲಬಹುದು. ನಮ್ಮ ನೆಲದ ಮೇಲಿನ ಒತ್ತಡ ಎಷ್ಟೋ ಅಷ್ಟೇ ಒತ್ತಡ ಇರೋ ಎತ್ತರದಲ್ಲಿ ಚಳಿ ಮೈನಸ್ 197 ಡಿಗ್ರಿ. ತಣ್ಣಗಿರೋದೂ ಒಳ್ಳೇದೇ, ಹೈಡ್ರೋಜನ್ ದ್ರವ ಆಗೋದು ಮೈನಸ್ 253ಕ್ಕೆ, ಅರ್ಧ ದಾರಿಗಿಂತ ಜಾಸ್ತಿ ಗ್ರಹವೇ ತಣ್ಣಗೆ ಮಾಡಿ ಕೊಟ್ಟಿರುತ್ತೆ.

ಸಾಮಾನು ಏನೂ ಬೇಡ. 20 ಹುಣಸೆ ಬೀಜ, ಒಂದು ಬೀಜ ಒಂದು ಟನ್. ಒಂದು ಸುತ್ತು ಅಂದರೆ ಆಟದಲ್ಲಿ ಅರ್ಧ ಗಂಟೆ. ಶುದ್ಧ ಮಾಡಿ ತುಂಬಿಸಿದರೆ ಸುತ್ತಿಗೆ ಎರಡು ಬೀಜ, ಕಚ್ಚಾ ತುಂಬಿಸಿದರೆ ನಾಲ್ಕು. ಪ್ರತಿ ಸುತ್ತಿಗೆ ನಾನು ಒಂದು ದಾಳ ಹಾಕಿ ಮುಚ್ಚಿಡುತ್ತೇನೆ. ನಮ್ಮನ್ನ ಹುಡುಕೋ ಗಸ್ತು ಹಡಗು ಎಷ್ಟು ಹತ್ತಿರ ಬಂತು ಅನ್ನೋದು ಅದರಲ್ಲಿದೆ.

ಹಂಗಾದರೆ ಎಲ್ಲರೂ ಕಚ್ಚಾನೇ ತುಂಬಿಸಲ್ವಾ ಅಂತ ಕೇಳಬಹುದು. ಅಲ್ಲೇ ಇರೋದು ಮಜ, ಅದನ್ನ ಸೇರಿಸಿದ್ದು ಮೇಡಂ. ಯುರೇನಸ್ ಗಾಳಿಯಲ್ಲಿ ನೂರಕ್ಕೆ 83 ಅಣು ಹೈಡ್ರೋಜನ್, 15 ಹೀಲಿಯಂ, 2 ಮೀಥೇನ್. ಎಣಿಕೆಯಲ್ಲಿ ಕಮ್ಮಿ ಕಂಡರೂ ತೂಕದಲ್ಲಿ ಕಮ್ಮಿ ಅಲ್ಲ. 20 ಟನ್ ಹೈಡ್ರೋಜನ್ ಜೊತೆಗೆ 7 ಟನ್ ಹೀಲಿಯಂ, ಹತ್ತಿರ ಹತ್ತಿರ 4 ಟನ್ ಮೀಥೇನ್ ಪುಕ್ಕಟೆ ಹತ್ತಿಕೊಂಡಿರುತ್ತೆ. ಖಾಲಿ ಓಬವ್ವನ ತೂಕ 250 ಟನ್ ಅಂತ ಇಟ್ಟಿದ್ದೇವೆ, ಎಂಜಿನ್ ಒಂದು ಜಿ ಕೊಡೋದು ಖಾಲಿ ಇದ್ದಾಗ. ಪೂರ್ತಿ ಕಚ್ಚಾ ತುಂಬಿದರೆ 281 ಟನ್, ಎಂಜಿನ್ ಬಲ 0.89ಕ್ಕೆ ಇಳಿಯುತ್ತೆ, ಗ್ರಹ ಎಳೆಯೋದು 0.9. ಟ್ಯಾಂಕ್ ಫುಲ್, ಹಡಗು ಮೇಲೆ ಏಳಲ್ಲ! ಶುದ್ಧ ಮಾಡಿದ್ದಾದರೆ 270 ಟನ್, 0.926, ಏಳುತ್ತೆ.

ಶುದ್ಧ ಮಾಡೋದು ಅಂದರೆ ಏನು ದೊಡ್ಡ ವಿದ್ಯೆ ಅಲ್ಲ, ತಣ್ಣಗೆ ಮಾಡುತ್ತಾ ಹೋಗೋದು. ಮೊದಲು ಮೀಥೇನ್ ಗಟ್ಟಿಯಾಗಿ ಮೂಲೆಗೆ ಕೂರುತ್ತೆ. ಮೈನಸ್ 253ಕ್ಕೆ ಹೈಡ್ರೋಜನ್ ದ್ರವ. ಹೀಲಿಯಂ ಮೈನಸ್ 269ರವರೆಗೂ ಗಾಳಿಯಾಗೇ ಇರುತ್ತೆ, ಹೊರಗೆ ಬಿಟ್ಟರಾಯಿತು.

ಮೇಡಂ ಇನ್ನೊಂದು ಬಾಂಬ್ ಹಾಕಿದರು. "ನೋಡ್ರಿ, ದ್ರವ ಮಾಡಿದ ಮಾತ್ರಕ್ಕೆ ಉಳಿಯಲ್ಲ ಅದು." ಹೈಡ್ರೋಜನ್ ಅಣುವಿನಲ್ಲಿ ಎರಡು ಜಾತಿಯಂತೆ, ಆರ್ಥೋ ಮತ್ತು ಪ್ಯಾರಾ. ಒಳಗಿನ ಎರಡು ಪ್ರೋಟಾನುಗಳ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಆರ್ಥೋ, ಎದುರುಬದುರಾಗಿದ್ದರೆ ಪ್ಯಾರಾ. ಮಾಮೂಲಿ ಹೈಡ್ರೋಜನ್ನಿನಲ್ಲಿ ಮುಕ್ಕಾಲು ಪಾಲು ಆರ್ಥೋ. ಅದನ್ನ ಹಂಗೇ ದ್ರವ ಮಾಡಿಟ್ಟರೆ ನಿಧಾನಕ್ಕೆ ಪ್ಯಾರಾ ಆಗುತ್ತಾ ಶಾಖ ಬಿಡುತ್ತೆ, ಆ ಶಾಖ ದ್ರವವನ್ನೇ ಕುದಿಸಿ ಆವಿ ಮಾಡೋಕೆ ಸಾಕಾಗುತ್ತೆ. ಶುರುವಿನಲ್ಲಿ ಗಂಟೆಗೆ ಸುಮಾರು ನೂರಕ್ಕೆ ಒಂದರಂತೆ ಹೋಗುತ್ತೆ. ತಣ್ಣಗೆ ಮಾಡುವಾಗಲೇ ತುಕ್ಕಿನ ಜಾತಿಯ ಐರನ್ ಆಕ್ಸೈಡ್ ಪುಡಿ ಮೇಲೆ ಹಾಯಿಸಿದರೆ ಅಲ್ಲೇ ಬದಲಾಗಿ ತೊಂದರೆ ಇರಲ್ಲ. ನಿಜವಾದ ಕಾರ್ಖಾನೆಗಳಲ್ಲೂ ಹಿಂಗೇ ಮಾಡೋದು. ನನಗೆ ತಡೆಯೋಕೆ ಆಗಲಿಲ್ಲ. ಒಂದು ಸಲ ಪುಡಿ ಹಾಕೋದು ಮರೆತ ಓಬವ್ವ ಚಂದ್ರನೊಂದರ ಹಿಂದೆ ಎರಡು ದಿನ ಅಡಗಿ ಕೂತಾಗ, ಟ್ಯಾಂಕಿನಿಂದ ಸೋರುವ ಆವಿಯೇ ಹೊಗೆ ಥರ ಎದ್ದು ಜಾಗ ತೋರಿಸಿಕೊಟ್ಟಿತು ಅಂತ ಮಾಡಿದೆ. ಅಕ್ಕನ ಮಗ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹೋದ ಭಾನುವಾರದ ಆಟ ಮಾತ್ರ ಹೇಳಲೇಬೇಕು. ಆರೂವರೆ ಸುತ್ತು ಮುಗಿದಿತ್ತು, ತಟ್ಟೆಯಲ್ಲಿ 13 ಬೀಜ, ಎಲ್ಲಾ ಶುದ್ಧ. ನಾನು ದಾಳದ ಮೇಲಿನ ಲೋಟ ಎತ್ತಿದೆ. ಗಸ್ತು ಹಡಗು ಮೋಡದ ಮೇಲೆ ಬಂದು ನಿಂತಿದೆ. ಕೆಳಗೆ ಇನ್ನೂ ಕಂಡಿಲ್ಲ. ಫ್ಯಾನ್ ಸದ್ದು ಬಿಟ್ಟರೆ ರೂಮಿನಲ್ಲಿ ಸದ್ದಿಲ್ಲ.

"ಮಾಮ, ಕಚ್ಚಾ ಹಾಕ್ತೀನಿ. ಏಳು ಬೀಜ, ಎರಡೇ ಸುತ್ತು," ಅಂದ ಅಕ್ಕನ ಮಗ.

ಮೇಡಂ ಪೆನ್ನು ತೆಗೆದರು. ಏಳು ಟನ್ ಜೊತೆ ಕಸ ನಾಲ್ಕು ಟನ್. ಒಟ್ಟು 274. ಬಲ 0.912. "ಏಳುತ್ತೆ, ಆದ್ರೆ ಉಳಿಯೋದು 0.012 ಅಷ್ಟೇ."

ಗೆಳೆಯ ಬೀಜದ ತಟ್ಟೆ ತನ್ನ ಕಡೆ ಎಳೆದುಕೊಂಡ. "ಬ್ಯಾಡ ತಮ್ಮಾ. ಫುಲ್ ಲೋಡ್ ಲಾರಿ ಏರು ಹತ್ತೋದು ನೋಡಿಯೇನು? ಫಸ್ಟ್ ಗೇರ್‌ನಾಗ ಅಳ್ತಾ ಹೋಗತೈತಿ. ಬೇಕಾದವ್ರು ನಡ್ಕೊಂಡ ಬಂದು ಹಿಡೀಬೋದು. ಎರಡು ಸುತ್ತು ಶುದ್ಧದ್ದೇ ಹಾಕ್ರಿ, ಹದಿನೇಳಕ್ಕ ನಿಲ್ಲಿಸಿ ಹೊರಡೂಣು."

17 ಬೀಜಕ್ಕೆ ತೂಕ 267, ಬಲ 0.936, ಏರೋಕೆ ಉಳಿಯೋದು ಮೂರು ಪಟ್ಟು. ಎರಡು ಸುತ್ತು ಉಸಿರು ಬಿಗಿ ಹಿಡಿದು ಕೂತರು. ಹೊರಡುವಾಗ ಎರಡು ದಾಳದಲ್ಲಿ ಒಂಬತ್ತು ಬಿತ್ತು. ಗಸ್ತು ಹಡಗಿನ ಬೆನ್ನ ಹಿಂದೆಯೇ ಎದ್ದು, ಗ್ರಹದ ಆಚೆ ಮಗ್ಗುಲಿಗೆ ಜಾರಿಕೊಂಡರು.

ಆದರೆ ಜಿಗಿಯೋಕೆ 20 ಬೇಕು, ಇರೋದು 17. ಅಕ್ಕನ ಮಗನ ಮುಖ ಬಿದ್ದುಹೋಗಿತ್ತು. ಮೇಡಂ ಮಾತ್ರ ನಗುತ್ತಿದ್ದರು. ಈ ಗ್ರಹದ ಚಂದ್ರಗಳ ಮೇಲೆ ಮಂಜುಗಡ್ಡೆ ಇದೆ ಅಲ್ವಾ ಅಂತ ಕೇಳಿದರು. ಇದೆ, ಯುರೇನಸ್ಸಿನ ದೊಡ್ಡ ಚಂದ್ರಗಳ ಮೇಲೂ ಇದೆ. ನೀರಿನ ತೂಕದಲ್ಲಿ ಒಂಬತ್ತನೇ ಒಂದು ಭಾಗ ಹೈಡ್ರೋಜನ್. ಮೂರು ಟನ್ ಬೇಕಂದರೆ 27 ಟನ್ ನೀರು. ತಮಾಷೆ ಏನಂದರೆ ಮೂರು ಟನ್ ದ್ರವ ಹೈಡ್ರೋಜನ್‌ಗೆ 42 ಘನ ಮೀಟರ್ ಜಾಗ ಬೇಕು, ಅಷ್ಟೇ ಹೈಡ್ರೋಜನ್ ಇರೋ ನೀರಿಗೆ 27 ಸಾಕು.

"ಇಪ್ಪತ್ತೇಳು ಸಾವಿರ ಲೀಟರ್," ಅಂದ ಗೆಳೆಯ, ನೆಟ್ಟಗೆ ಎದ್ದು ಕೂತು. "ಎರಡೂಕಾಲು ಲೋಡು. ಅದನ್ನ ಮೊದ್ಲೇ ಹೇಳ್ಬಾರ್ದಾ ಮೇಡಂ? ಬಾಡಿಗಿ ಯಾರು ಕೊಡ್ತೀರಿ ಹೇಳ್ರಿ, ಈಗ್ಲೇ ಹೊರಡ್ತೀನಿ."